ಗಂತಿ ಕುಗ್ಗಿದರೆ ಆಯುಸ್ಸು ಹಿಗ್ಗುವುದೆ? ಪ್ರೋಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯ ಚರಿತ್ರೆಯಿಂದ ಒಂದು ಪಾಠ

ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳಿ. ವಯಸ್ಸು 65 ಎಂದಿರಲಿ. ಮೂರು ವರ್ಷಗಳ ಹಿಂದೆ ಪ್ರೋಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಪತ್ತೆಯಾಗಿ, ಆ ಗ್ರಂಥಿಯನ್ನು ಶಸ್ತ್ರಕ್ರಿಯೆಯಿಂದ ತೆಗೆದುಹಾಕಲಾಗಿದೆ. ಈಗ ಅವರಿಗೆ ನೋವಿಲ್ಲ, ಜ್ವರವಿಲ್ಲ. ಊಟ, ನಿದ್ರೆ ಸರಿಯಾಗಿವೆ. ಆದರೆ ರಕ್ತಪರೀಕ್ಷೆಯ ವರದಿಯಲ್ಲಿ ಒಂದು ಅಂಕಿ ಮಾತ್ರ ಮೇಲೇರಿದೆ. ಸೊನ್ನೆಯ ಸಮೀಪದಲ್ಲಿದ್ದದ್ದು 0.2 ಆಯಿತು, ಅನಂತರ 0.4 ಆಯಿತು. ರೋಗ ಮರಳಿದೆ ಎನ್ನುತ್ತಾರೆ ವೈದ್ಯರು. ಮುಂದೇನು? ಕೆಳಹೊಟ್ಟೆಗೆ ವಿಕಿರಣ ಚಿಕಿತ್ಸೆ ಕೊಡಬೇಕೆ? ಅದರ ಜೊತೆಗೆ ಗಂಡು ಹಾರ್ಮೋನನ್ನು ತಡೆಯುವ ಮದ್ದನ್ನೂ ಕೊಡಬೇಕೆ? ಕೊಟ್ಟರೆ ಆರು ತಿಂಗಳೇ, ಎರಡು ವರ್ಷವೇ?

ಇಂಥ ಪ್ರಶ್ನೆಗೆ ಇಂದು ನಮ್ಮಲ್ಲಿರುವ ಉತ್ತರದ ಹಿಂದೆ ನೂರು ವರ್ಷಗಳಿಗೂ ಮೀರಿದ ಚರಿತ್ರೆ ಇದೆ. ಅದರಲ್ಲಿ ಜಾಣ ಊಹೆಗಳಿವೆ, ನೊಬೆಲ್ ಪ್ರಶಸ್ತಿಗಳಿವೆ, ದುಬಾರಿಯಾದ ತಪ್ಪುಗಳೂ ಇವೆ. ಈ ಚರಿತ್ರೆಯನ್ನು ಓದಿದವರಿಗೆ ಒಂದು ಪಾಠ ಮತ್ತೆ ಮತ್ತೆ ಎದುರಾಗುತ್ತದೆ: ಗಂತಿ ಕುಗ್ಗುವುದು ಬೇರೆ, ಆಯುಸ್ಸು ಹಿಗ್ಗುವುದು ಬೇರೆ. ಮೊದಲನೆಯದನ್ನು ಕೆಲವು ವಾರಗಳಲ್ಲಿ ಅಳೆಯಬಹುದು. ಎರಡನೆಯದನ್ನು ಅಳೆಯಲು ಹತ್ತು ಹನ್ನೆರಡು ವರ್ಷ ಕಾಯಬೇಕು.

ಗ್ರಂಥಿ ಮತ್ತು ಅದರ ರೋಗ

ಪ್ರೋಸ್ಟೇಟ್ ಗ್ರಂಥಿ ಇರುವುದು ಗಂಡಸರಲ್ಲಿ ಮಾತ್ರ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುವ ಇದರ ಗಾತ್ರ ದೊಡ್ಡ ನೆಲ್ಲಿಕಾಯಿಯಷ್ಟು, ತೂಕ ಸುಮಾರು 20 ಗ್ರಾಂ. ವೀರ್ಯದ ದ್ರವದ ಒಂದು ಪಾಲು ಇಲ್ಲಿಯೇ ತಯಾರಾಗುತ್ತದೆ.

ಈ ಗ್ರಂಥಿಗೂ ವೃಷಣಕ್ಕೂ ನಂಟಿದೆ ಎಂಬ ಸಂಗತಿ ಬಹಳ ಹಳೆಯದು. ಹೋರಿಗೆ ಬೀಜ ಒಡೆದರೆ ಅದರ ಸ್ವಭಾವ, ಮೈಕಟ್ಟು ಬದಲಾಗುವುದನ್ನು ನಮ್ಮ ರೈತರು ಬಲ್ಲರು. ಒಳಗಿನ ಗ್ರಂಥಿಗಳಲ್ಲಿ ಆಗುವ ಬದಲಾವಣೆಯನ್ನು ಗಮನಿಸಿದವರು ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್. 1786ರಲ್ಲಿ ಪ್ರಕಟವಾದ ಬರಹದಲ್ಲಿ ಅವರು, ವೃಷಣ ತೆಗೆದ ಪ್ರಾಣಿಗಳಲ್ಲಿ ಪ್ರೋಸ್ಟೇಟ್ ಸಣ್ಣದಾಗಿಯೇ ಉಳಿಯುತ್ತದೆ ಎಂದು ದಾಖಲಿಸಿದರು. ಮೋಲ್ ಎಂಬ ಬಿಲವಾಸಿ ಪ್ರಾಣಿಯಲ್ಲಿ ಚಳಿಗಾಲದಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕದಾಗಿರುವ ಈ ಗ್ರಂಥಿ ವಸಂತದಲ್ಲಿ, ಅಂದರೆ ಬೆದೆಯ ಕಾಲದಲ್ಲಿ, ದೊಡ್ಡದಾಗುವುದನ್ನೂ ಅವರು ಕಂಡಿದ್ದರು. ಹಾರ್ಮೋನು ಎಂಬ ಪದವೇ ಆಗ ಹುಟ್ಟಿರಲಿಲ್ಲ.

ಪ್ರೋಸ್ಟೇಟ್ ಕ್ಯಾನ್ಸರನ್ನು ಸೂಕ್ಷ್ಮದರ್ಶಕದ ನೆರವಿನಿಂದ ಗುರುತಿಸಿ ವರ್ಣಿಸಿದವರು ಲಂಡನ್ನಿನ ಇನ್ನೊಬ್ಬ ಶಸ್ತ್ರವೈದ್ಯ ಜಾನ್ ಆಡಮ್ಸ್, 1853ರಲ್ಲಿ. ಇದು ಬಹಳ ಅಪರೂಪದ ರೋಗ ಎಂದು ಅವರು ಭಾವಿಸಿದ್ದರು. ಜನರ ಸರಾಸರಿ ಆಯುಸ್ಸು ಕಡಿಮೆಯಿದ್ದ ಕಾಲ ಅದು. ಮುಪ್ಪಿನಲ್ಲಿ ಕಾಣಿಸಿಕೊಳ್ಳುವ ರೋಗ ಅಪರೂಪವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 1904ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಕ್ಯಾನ್ಸರ್ ತಗಲಿದ ಪ್ರೋಸ್ಟೇಟನ್ನು ಪೂರ್ತಿಯಾಗಿ ತೆಗೆಯುವ ಶಸ್ತ್ರಕ್ರಿಯೆ ನಡೆಸಿದರು. ಆದರೆ ಆ ದಿನಗಳಲ್ಲಿ ರೋಗಿಗಳು ವೈದ್ಯರ ಬಳಿಗೆ ಬರುವ ವೇಳೆಗೆ ರೋಗ ಮೂಳೆಗಳಿಗೆ ಹರಡಿರುತ್ತಿದ್ದುದೇ ಹೆಚ್ಚು. ಅಂಥವರಿಗೆ ಕತ್ತಿಯಿಂದ ಉಪಯೋಗವಿರಲಿಲ್ಲ.

ರೇಡಿಯಂ ಸೂಜಿಯಿಂದ ವೇಗವರ್ಧಕದವರೆಗೆ

1895ರಲ್ಲಿ ರಂಟ್ಗೆನ್ ಕ್ಷ-ಕಿರಣಗಳನ್ನು ಕಂಡುಹಿಡಿದರು. 1898ರಲ್ಲಿ ಕ್ಯೂರಿ ದಂಪತಿಗಳಿಂದ ರೇಡಿಯಂ ಬೆಳಕಿಗೆ ಬಂತು. ಮುಂದಿನ ಹದಿನೈದು ವರ್ಷಗಳಲ್ಲೇ ಪ್ಯಾರಿಸ್ಸಿನ ವೈದ್ಯರು ಮೂತ್ರನಾಳದ ಮೂಲಕ ರೇಡಿಯಂ ಕೊಳವೆಯನ್ನು ಪ್ರೋಸ್ಟೇಟಿನ ಬಳಿಗೆ ಒಯ್ಯುವ ಪ್ರಯತ್ನ ಮಾಡಿದರು. 1915ರ ಸುಮಾರಿಗೆ ಬಾಲ್ಟಿಮೋರಿನಲ್ಲಿ ಯಂಗ್, ನ್ಯೂಯಾರ್ಕಿನಲ್ಲಿ ಬೆಂಜಮಿನ್ ಬ್ಯಾರಿಂಜರ್ ಇದೇ ದಾರಿ ಹಿಡಿದರು. ಬ್ಯಾರಿಂಜರ್ ವಿಕಿರಣ ತುಂಬಿದ ಸೂಜಿಗಳನ್ನು ನೇರವಾಗಿ ಗ್ರಂಥಿಯೊಳಕ್ಕೆ ಚುಚ್ಚುತ್ತಿದ್ದರು.

ವಿಕಿರಣ ಕೋಶವನ್ನು ಕೊಲ್ಲುವುದು ಹೇಗೆ? ಅದು ಕೋಶದೊಳಗಿನ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಜೋಡಿ ಎಳೆಗಳಲ್ಲಿ ಒಂದು ಮಾತ್ರ ತುಂಡಾದರೆ ಕೋಶ ಸುಲಭವಾಗಿ ದುರಸ್ತಿ ಮಾಡಿಕೊಳ್ಳುತ್ತದೆ. ಎರಡೂ ಒಂದೇ ಕಡೆ ತುಂಡಾದರೆ ದುರಸ್ತಿ ಕಷ್ಟ. ಆ ಕೋಶ ಮುಂದೆ ವಿಭಜನೆಗೆ ಹೊರಟಾಗ ಸಾಯುತ್ತದೆ. ಆರೋಗ್ಯವಂತ ಕೋಶಗಳ ದುರಸ್ತಿ ವ್ಯವಸ್ಥೆ ಸಾಮಾನ್ಯವಾಗಿ ಮೇಲು. ಹೀಗಾಗಿ ಒಟ್ಟು ಪ್ರಮಾಣವನ್ನು ಹಲವು ಸಣ್ಣ ಕಂತುಗಳಲ್ಲಿ, ವಾರಗಟ್ಟಲೆ ಕೊಡುತ್ತಾರೆ.

ಆರಂಭದ ಕ್ಷ-ಕಿರಣ ಯಂತ್ರಗಳಿಗೆ ಒಂದು ದೊಡ್ಡ ಮಿತಿಯಿತ್ತು. ಅವುಗಳ ಶಕ್ತಿಯ ಬಹುಪಾಲು ಚರ್ಮದಲ್ಲೇ ವ್ಯಯವಾಗುತ್ತಿತ್ತು. ಒಳಗಿನ ಗ್ರಂಥಿಗೆ ಸಾಕಷ್ಟು ತಲಪುವಷ್ಟರಲ್ಲಿ ಚರ್ಮ ಸುಟ್ಟುಹೋಗುತ್ತಿತ್ತು. ಈ ತೊಡಕು ನಿವಾರಣೆಯಾದದ್ದು 1951ರಲ್ಲಿ, ಕೆನಡಾದಲ್ಲಿ ಕೋಬಾಲ್ಟ್-60 ಯಂತ್ರಗಳು ಬಂದಾಗ. ಇದರ ಗಾಮಾ ಕಿರಣಗಳ ಶಕ್ತಿ 1.17 ಮತ್ತು 1.33 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ಅವು ಚರ್ಮವನ್ನು ಅಷ್ಟಾಗಿ ನೋಯಿಸದೆ ಆಳಕ್ಕೆ ಇಳಿಯುತ್ತವೆ. 1956ರಲ್ಲಿ ಅಮೆರಿಕದ ಸ್ಟಾನ್‌ಫರ್ಡಿನಲ್ಲಿ ರೇಖೀಯ ವೇಗವರ್ಧಕ ಚಿಕಿತ್ಸೆಗೆ ಸಿದ್ಧವಾಯಿತು. ಅಲ್ಲಿಯ ಮಾಲ್ಕಂ ಬ್ಯಾಗ್‌ಶಾ ಅದನ್ನು ಪ್ರೋಸ್ಟೇಟ್ ಕ್ಯಾನ್ಸರಿಗೆ ಬಳಸಿ, ವಿಕಿರಣದಿಂದಲೂ ಈ ರೋಗವನ್ನು ದೀರ್ಘಕಾಲ ಹತೋಟಿಯಲ್ಲಿಡಬಹುದು ಎಂದು ತೋರಿಸಿದರು.

ಆದರೆ ರೇಡಿಯಂ ಸೂಜಿಗೂ ಕೋಬಾಲ್ಟ್ ಯಂತ್ರಕ್ಕೂ ನಡುವಿನ ಕಾಲದಲ್ಲಿ ಪ್ರೋಸ್ಟೇಟಿಗೆ ವಿಕಿರಣ ಕೊಡುವ ಉತ್ಸಾಹವೇ ತಗ್ಗಿಹೋಗಿತ್ತು. ಕಾರಣ, 1941ರಲ್ಲಿ ಷಿಕಾಗೋದಿಂದ ಬಂದ ಒಂದು ಸುದ್ದಿ.

ಹಗಿನ್ಸ್ ಮತ್ತು ಮುದಿ ನಾಯಿಗಳು

ಚಾರ್ಲ್ಸ್ ಹಗಿನ್ಸ್ ಕೆನಡಾದಲ್ಲಿ 1901ರಲ್ಲಿ ಹುಟ್ಟಿದವರು, ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮೂತ್ರಾಂಗ ಶಸ್ತ್ರವೈದ್ಯರಾಗಿದ್ದವರು. ಪ್ರೋಸ್ಟೇಟ್ ಸ್ರವಿಸುವ ದ್ರವದ ರಸಾಯನ ಅವರ ಆಸಕ್ತಿಯ ವಿಷಯ. ಅದಕ್ಕಾಗಿ ನಾಯಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಮನುಷ್ಯನಂತೆ ಮುಪ್ಪಿನಲ್ಲಿ ಪ್ರೋಸ್ಟೇಟ್ ಊದಿಕೊಳ್ಳುವ ಪ್ರಾಣಿಗಳು ಬಹಳ ಕಡಿಮೆ. ನಾಯಿ ಅವುಗಳಲ್ಲಿ ಒಂದು. ಕೆಲವು ಮುದಿ ನಾಯಿಗಳಲ್ಲಿ ಗಂತಿಗಳು ಕಂಡವು. ಮೊದಮೊದಲು ಇದು ಅವರಿಗೆ ಕಿರಿಕಿರಿಯೇ ಆಯಿತು, ಏಕೆಂದರೆ ಗಂತಿಯಿಂದ ಪ್ರಯೋಗದ ಲೆಕ್ಕ ತಪ್ಪುತ್ತಿತ್ತು. ಆದರೆ ಆ ನಾಯಿಗಳ ವೃಷಣ ತೆಗೆದಾಗ ಅಥವಾ ಅವಕ್ಕೆ ಹೆಣ್ಣು ಹಾರ್ಮೋನು ಕೊಟ್ಟಾಗ ಗಂತಿಗಳು ಬೇಗಬೇಗನೆ ಕುಗ್ಗಿದವು. ಅಡ್ಡಿಯೆನಿಸಿದ್ದೇ ಆವಿಷ್ಕಾರಕ್ಕೆ ದಾರಿಯಾಯಿತು.

ಮನುಷ್ಯರಲ್ಲಿ ಪರಿಣಾಮವನ್ನು ಅಳೆಯಲು ಒಂದು ಮಾಪಕ ಬೇಕಿತ್ತು. ಅದನ್ನು ಒದಗಿಸಿದವರು ಅಲೆಗ್ಸಾಂಡರ್ ಮತ್ತು ಈಥೆಲ್ ಗಟ್‌ಮನ್ ದಂಪತಿಗಳು. ಮೂಳೆಗೆ ಹರಡಿದ ಪ್ರೋಸ್ಟೇಟ್ ಕ್ಯಾನ್ಸರಿನಲ್ಲಿ ಆಮ್ಲ ಫಾಸ್ಫಟೇಸ್ ಎಂಬ ಕಿಣ್ವ ರಕ್ತದಲ್ಲಿ ಹೆಚ್ಚುತ್ತದೆ ಎಂದು ಅವರು 1938ರಲ್ಲಿ ತೋರಿಸಿದ್ದರು. ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ ರೋಗಿಗಳ ವೃಷಣ ತೆಗೆದರು; ಕಿಣ್ವದ ಮಟ್ಟ ಇಳಿಯಿತು. ಗಂಡು ಹಾರ್ಮೋನು ಚುಚ್ಚಿದರು, ಏರಿತು. ರೋಗ ಮುಂದುವರಿದಿದ್ದ 21 ರೋಗಿಗಳ ವರದಿಯೂ ಅದೇ 1941ರಲ್ಲಿ ಪ್ರಕಟವಾಯಿತು. ಮೂಳೆ ನೋವಿನಿಂದ ನರಳುತ್ತಿದ್ದ ಹಲವರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡಿದ್ದರು.

ಕ್ಯಾನ್ಸರ್ ಕೋಶ ಯಾವ ಅಂಕೆಗೂ ಒಳಪಡದ ಕೋಶ ಎಂಬುದು ಅಂದಿನ ನಂಬಿಕೆ. ಅದು ದೇಹದ ರಾಸಾಯನಿಕ ಸಂಕೇತಗಳಿಗೆ ಇನ್ನೂ ಕಿವಿಗೊಡುತ್ತದೆ ಎಂದು ಹಗಿನ್ಸ್ ತೋರಿಸಿಕೊಟ್ಟರು. 1966ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು. ಅಷ್ಟರಲ್ಲಿ ವೃಷಣ ತೆಗೆಯಲು ಒಪ್ಪದವರಿಗೆ ಬೇರೆ ದಾರಿಯೂ ತೆರೆದಿತ್ತು. 1938ರಲ್ಲಿ ಲಂಡನ್ನಿನ ಚಾರ್ಲ್ಸ್ ಡಾಡ್ಸ್ ತಂಡ ತಯಾರಿಸಿದ್ದ ಡೈಎಥಿಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಹೆಣ್ಣು ಹಾರ್ಮೋನು ಅಗ್ಗವಾಗಿತ್ತು, ಗುಳಿಗೆಯಾಗಿ ನುಂಗಬಹುದಾಗಿತ್ತು. ಅದು ಎಲ್ಲೆಡೆ ಬಳಕೆಗೆ ಬಂತು.

ಎಲ್ಲ ಸಾವುಗಳನ್ನೂ ಎಣಿಸಿದಾಗ

ನೋವು ಇಳಿಯಿತು, ಗಂತಿ ಕುಗ್ಗಿತು, ಕಿಣ್ವ ತಗ್ಗಿತು. ಇಷ್ಟೆಲ್ಲ ಆದ ಮೇಲೆ ಆಯುಸ್ಸೂ ಹೆಚ್ಚಿರಲೇಬೇಕಲ್ಲವೆ? ಹಾಗೆಂದೇ ಎಲ್ಲರೂ ತಿಳಿದಿದ್ದರು. ಸುಮಾರು ಇಪ್ಪತ್ತು ವರ್ಷ ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ.

1960ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಒಗ್ಗೂಡಿ ಒಂದು ಪರೀಕ್ಷೆ ಆರಂಭಿಸಿದವು. ಎರಡು ಸಾವಿರಕ್ಕೂ ಹೆಚ್ಚು ರೋಗಿಗಳು ಅದರಲ್ಲಿದ್ದರು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರ ಇಷ್ಟಕ್ಕೆ ಬಿಡದೆ, ಚೀಟಿ ಎತ್ತಿದಂತೆ ಹಂಚಲಾಯಿತು. ಕೆಲವರಿಗೆ ದಿನಕ್ಕೆ 5 ಮಿಲಿಗ್ರಾಂ ಸ್ಟಿಲ್‌ಬೆಸ್ಟ್ರಾಲ್, ಕೆಲವರಿಗೆ ಹುಸಿ ಗುಳಿಗೆ. 1967ರಲ್ಲಿ ಫಲಿತಾಂಶ ಬಂದಾಗ ವೈದ್ಯರು ಬೆಚ್ಚಿದರು. ಸ್ಟಿಲ್‌ಬೆಸ್ಟ್ರಾಲ್ ತೆಗೆದುಕೊಂಡವರಲ್ಲಿ ಕ್ಯಾನ್ಸರಿನಿಂದ ಸತ್ತವರು ಕಡಿಮೆ, ನಿಜ. ಆದರೆ ಹೃದಯ ಮತ್ತು ರಕ್ತನಾಳಗಳ ರೋಗದಿಂದ ಸತ್ತವರು ಹೆಚ್ಚು. ಒಂದು ಕೈಯಲ್ಲಿ ಕೊಟ್ಟದ್ದನ್ನು ಮದ್ದು ಇನ್ನೊಂದು ಕೈಯಲ್ಲಿ ಕಸಿದುಕೊಂಡಿತ್ತು.

ಕ್ಯಾನ್ಸರಿನ ಸಾವುಗಳನ್ನು ಮಾತ್ರ ಎಣಿಸಿದ್ದರೆ ಈ ಸತ್ಯ ತಿಳಿಯುತ್ತಲೇ ಇರಲಿಲ್ಲ. ಎಲ್ಲ ಸಾವುಗಳನ್ನೂ ಎಣಿಸಿದ್ದರಿಂದ ತಿಳಿಯಿತು. ಮುಂದಿನ ಪರೀಕ್ಷೆಯಲ್ಲಿ ದಿನಕ್ಕೆ 1 ಮಿಲಿಗ್ರಾಂ ಪ್ರಮಾಣವೂ ಕ್ಯಾನ್ಸರನ್ನು 5 ಮಿಲಿಗ್ರಾಮಿನಷ್ಟೇ ಹತೋಟಿಯಲ್ಲಿಡುತ್ತದೆ, ಹೃದಯಕ್ಕೆ ಅಪಾಯ ಕಡಿಮೆ ಎಂದು ಕಂಡುಬಂತು. ಇದೇ ಸೈನಿಕರ ಅಂಗಾಂಶಗಳನ್ನು ಪರಿಶೀಲಿಸಿ ಡೊನಾಲ್ಡ್ ಗ್ಲೀಸನ್ 1966ರಲ್ಲಿ ರೂಪಿಸಿದ ಶ್ರೇಣಿಯೇ ಗ್ಲೀಸನ್ ಅಂಕ. ಕ್ಯಾನ್ಸರ್ ಎಷ್ಟು ಉಗ್ರ ಎಂಬುದನ್ನು ರೋಗಶಾಸ್ತ್ರಜ್ಞರು ಇಂದಿಗೂ ಇದರ ಆಧಾರದಿಂದಲೇ ಹೇಳುತ್ತಾರೆ.

ಮೆದುಳಿನಿಂದ ಬರುವ ಆಜ್ಞೆ

ಹೆಣ್ಣು ಹಾರ್ಮೋನಿನ ಗೊಡವೆಯೇ ಇಲ್ಲದೆ ಗಂಡು ಹಾರ್ಮೋನನ್ನು ನಿಲ್ಲಿಸಬಹುದೆ? ಇದಕ್ಕೆ ಉತ್ತರ ದೊರೆತದ್ದು ಮೆದುಳಿನಲ್ಲಿ. ವೃಷಣಕ್ಕೆ ಆಜ್ಞೆ ಹೋಗುವುದು ಪಿಟ್ಯುಟರಿ ಗ್ರಂಥಿಯಿಂದ. ಪಿಟ್ಯುಟರಿಗೆ ಆಜ್ಞೆ ಬರುವುದು ಮೆದುಳಿನ ಹೈಪೊಥಲಾಮಸ್ ಭಾಗದಿಂದ. ಆ ಆಜ್ಞೆಯನ್ನು ಒಯ್ಯುವ ಅಣುವಿನಲ್ಲಿ ಹತ್ತು ಅಮೈನೊ ಆಮ್ಲಗಳಿವೆ ಎಂದು ಆಂಡ್ರೂ ಷಾಲಿ ತಂಡ 1971ರಲ್ಲಿ ಪ್ರಕಟಿಸಿತು. ಲಕ್ಷಕ್ಕೂ ಹೆಚ್ಚು ಹಂದಿಗಳ ಮೆದುಳಿನ ಚೂರುಗಳಿಂದ ಅದನ್ನು ಬೇರ್ಪಡಿಸಬೇಕಾಯಿತು. ಕುರಿಗಳ ಮೆದುಳಿನಿಂದ ಇದೇ ಕೆಲಸ ಮಾಡಿದ ರೋಜರ್ ಗಿಲ್ಮನ್ನರಿಗೂ ಷಾಲಿಯವರಿಗೂ 1977ರ ನೊಬೆಲ್ ಪ್ರಶಸ್ತಿಯ ಅರ್ಧಭಾಗ ಸಂದಿತು.

ಇಲ್ಲೊಂದು ಸೋಜಿಗವಿದೆ. ಅರ್ನ್ಸ್ಟ್ ನೋಬಿಲ್ ತಂಡ 1978ರಲ್ಲಿ ಕೋತಿಗಳಲ್ಲಿ ತೋರಿಸಿದಂತೆ, ಈ ಅಣು ಗಂಟೆಗೊಮ್ಮೆ ತುಸುತುಸುವೇ ಬಂದರೆ ಪಿಟ್ಯುಟರಿ ಕೆಲಸ ಮಾಡುತ್ತದೆ. ಎಡೆಬಿಡದೆ ಬಂದರೆ ಕೆಲಸ ನಿಲ್ಲಿಸುತ್ತದೆ. ಸದಾ ಕೂಗುವವನ ಮಾತಿಗೆ ಮನೆಯವರು ಕಿವಿಗೊಡದಂತೆ! ಹಾಗಾಗಿ ಈ ಅಣುವನ್ನೇ ಹೋಲುವ, ಬಹುಕಾಲ ಉಳಿಯುವ ಮದ್ದನ್ನು ಚುಚ್ಚಿದರೆ ಮೊದಲ ಒಂದೆರಡು ವಾರ ಗಂಡು ಹಾರ್ಮೋನು ಏರಿ, ಅನಂತರ ವೃಷಣ ತೆಗೆದಷ್ಟೇ ಮಟ್ಟಕ್ಕೆ ಇಳಿಯುತ್ತದೆ. 1985ರಲ್ಲಿ ಅಮೆರಿಕದಲ್ಲಿ ಇಂಥ ಮೊದಲ ಮದ್ದಿಗೆ ಒಪ್ಪಿಗೆ ದೊರೆಯಿತು. ಚುಚ್ಚುಮದ್ದು ನಿಲ್ಲಿಸಿದರೆ ಹಾರ್ಮೋನು ಸಾಮಾನ್ಯವಾಗಿ ಮರಳುತ್ತದೆ. ಆರು ತಿಂಗಳೇ, ಎರಡು ವರ್ಷವೇ ಎಂಬ ಪ್ರಶ್ನೆ ಕೇಳಲು ಸಾಧ್ಯವಾದದ್ದೇ ಇದರಿಂದ. ವೃಷಣ ತೆಗೆದ ಮೇಲೆ ಅಂಥ ಪ್ರಶ್ನೆಗೆ ಎಡೆಯೆಲ್ಲಿ?

ಅಂಕಿಯೇ ರೋಗವಾದಾಗ

1979ರಲ್ಲಿ ಅಮೆರಿಕದ ಬಫಲೋ ನಗರದ ಸಂಶೋಧಕರು ಪ್ರೋಸ್ಟೇಟಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದೇ ಪ್ರೋಸ್ಟೇಟ್ ವಿಶಿಷ್ಟ ಪ್ರತಿಜನಕ, ಸಂಕ್ಷೇಪವಾಗಿ ಪಿಎಸ್‌ಎ. ಹೆಪ್ಪುಗಟ್ಟಿದ ವೀರ್ಯವನ್ನು ತೆಳುವಾಗಿಸುವುದು ಅದರ ಸಹಜ ಕೆಲಸ. ರಕ್ತಕ್ಕೆ ಸೋರುವುದು ಅತ್ಯಲ್ಪ. ಅದನ್ನು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದು ಅಳೆಯುತ್ತಾರೆ. ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ಗ್ರಂಥಿಯನ್ನೇ ತೆಗೆದ ಮೇಲೆ ಪಿಎಸ್‌ಎ ತಯಾರಿಸುವವರು ಯಾರೂ ಇರಬಾರದು. ಕೆಲವು ವಾರಗಳಲ್ಲಿ ಅದು ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಮತ್ತೆ ಏರಿ 0.2 ದಾಟಿದರೆ, ಎಲ್ಲೋ ಪ್ರೋಸ್ಟೇಟ್ ಕೋಶಗಳು ಉಳಿದು ಬೆಳೆಯುತ್ತಿವೆ ಎಂದರ್ಥ. ಹೀಗೆ ಹೊಸದೊಂದು ಬಗೆಯ ರೋಗಿ ಹುಟ್ಟಿಕೊಂಡ. ಅವನಿಗೆ ಬೇನೆಯಿಲ್ಲ, ಸ್ಕ್ಯಾನಿನಲ್ಲಿ ಏನೂ ಕಾಣದು, ಇರುವುದು ಅಂಕಿ ಮಾತ್ರ.

ಈ ಅಂಕಿಗೆ ಎಷ್ಟು ಹೆದರಬೇಕು? ಬಾಲ್ಟಿಮೋರಿನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಬೆಳಕು ನೀಡಿತು. ಶಸ್ತ್ರಕ್ರಿಯೆಯಾದ ಸುಮಾರು 2,000 ಮಂದಿಯಲ್ಲಿ ಶೇಕಡ 15ರಷ್ಟು ಜನರಿಗೆ ಪಿಎಸ್‌ಎ ಮರಳಿ ಏರಿತು. ಬೇರೆ ಚಿಕಿತ್ಸೆಯಿಲ್ಲದೆ ಗಮನಿಸಿದಾಗ, ಅಂಕಿ ಏರಿದಂದಿನಿಂದ ರೋಗ ಹರಡಿದ್ದು ಕಾಣಲು ಹಿಡಿದ ಮಧ್ಯಾಂಕ ಕಾಲ 8 ವರ್ಷ. ಅಲ್ಲಿಂದ ಸಾವಿಗೆ ಇನ್ನೂ 5 ವರ್ಷ. ಒಟ್ಟು 13 ವರ್ಷ! 65ರ ಮನುಷ್ಯನಿಗೆ ಇದು ಸಣ್ಣ ಕಾಲವಲ್ಲ. ಆ ಅವಧಿಯಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಮೊದಲೇ ಬರಬಹುದು. ಈ ರೋಗದ ಚಿಕಿತ್ಸೆಯನ್ನು ತೂಗುವುದು ಕಷ್ಟವಾಗಿರುವುದು ಇದೇ ಕಾರಣಕ್ಕೆ.

ಎರಡನ್ನೂ ಕೂಡಿಸಿದಾಗ

ವಿಕಿರಣ ಮತ್ತು ಹಾರ್ಮೋನು ಚಿಕಿತ್ಸೆಗಳು ಬಹುಕಾಲ ಒಂದಕ್ಕೊಂದು ಪ್ರತಿಸ್ಪರ್ಧಿಗಳಂತಿದ್ದವು. ಕೂಡಿಸಿದರೆ ಏನಾಗುತ್ತದೆ? ಮೈಕೆಲ್ ಬೊಲ್ಲಾ ನೇತೃತ್ವದ ಯೂರೋಪಿನ ಪರೀಕ್ಷೆ 1997ರಲ್ಲಿ ಉತ್ತರಿಸಿತು. ಇದು ಮರಳಿದ ರೋಗದ ಪರೀಕ್ಷೆಯಲ್ಲ; ಗ್ರಂಥಿಯಲ್ಲೇ ರೋಗ ಬಲಿತಿದ್ದ 415 ಮಂದಿಯದು. ವಿಕಿರಣ ಮಾತ್ರ ಪಡೆದವರಲ್ಲಿ 5 ವರ್ಷಗಳ ಬಳಿಕ ಶೇಕಡ 62ರಷ್ಟು ಜನ ಬದುಕಿದ್ದರು. ಜೊತೆಗೆ ಮೂರು ವರ್ಷ ಹಾರ್ಮೋನು ಚಿಕಿತ್ಸೆ ಪಡೆದವರಲ್ಲಿ ಶೇಕಡ 79. ಇದಕ್ಕೆ ಕಾರಣವೇನಿರಬಹುದು? ಗಂಡು ಹಾರ್ಮೋನು ಕೋಶದ ಡಿಎನ್‌ಎ ದುರಸ್ತಿಯ ಜೀನುಗಳನ್ನು ಪ್ರಚೋದಿಸುತ್ತದೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿವೆ. ಹಾರ್ಮೋನನ್ನು ತಡೆದರೆ ದುರಸ್ತಿಗಾರನ ಕೈ ಕಟ್ಟಿದಂತೆ. ವಿಕಿರಣದ ಏಟು ಬಲವಾಗಿ ಬೀಳುತ್ತದೆ.

ನಮ್ಮ ಕಥೆಯ ರೋಗಿಗೆ ನೇರವಾಗಿ ಸಂಬಂಧಿಸಿದ ಪರೀಕ್ಷೆ ಅಮೆರಿಕ ಮತ್ತು ಕೆನಡಾದಲ್ಲಿ 1998ರಲ್ಲಿ ಆರಂಭವಾಯಿತು. ಶಸ್ತ್ರಕ್ರಿಯೆಯ ಬಳಿಕ ಪಿಎಸ್‌ಎ 0.2ರಿಂದ 4ರವರೆಗೆ ಏರಿದ್ದ 760 ಮಂದಿ. ಎಲ್ಲರಿಗೂ 64.8 ಗ್ರೇ ವಿಕಿರಣ, 36 ಕಂತುಗಳಲ್ಲಿ. ಅರ್ಧದಷ್ಟು ಜನರಿಗೆ ಜೊತೆಯಲ್ಲಿ ಎರಡು ವರ್ಷ ಬೈಕಲುಟಮೈಡ್ ಗುಳಿಗೆ, ಉಳಿದವರಿಗೆ ಹುಸಿ ಗುಳಿಗೆ. ಬೈಕಲುಟಮೈಡ್ ಹಾರ್ಮೋನಿನ ಉತ್ಪತ್ತಿಯನ್ನು ತಡೆಯುವುದಿಲ್ಲ. ಹಾರ್ಮೋನು ಕೂರಬೇಕಾದ ಗ್ರಾಹಕದ ಜಾಗದಲ್ಲಿ ತಾನು ಕುಳಿತುಬಿಡುತ್ತದೆ. ಫಲಿತಾಂಶಕ್ಕಾಗಿ 2017ರವರೆಗೆ ಕಾಯಬೇಕಾಯಿತು. 12 ವರ್ಷಗಳ ಲೆಕ್ಕ ಹೀಗಿದೆ. ಬದುಕಿದ್ದವರು: ಗುಳಿಗೆ ಪಡೆದವರಲ್ಲಿ ಶೇಕಡ 76.3, ಪಡೆಯದವರಲ್ಲಿ 71.3. ಪ್ರೋಸ್ಟೇಟ್ ಕ್ಯಾನ್ಸರಿನಿಂದ ಸತ್ತವರು: ಶೇಕಡ 5.8 ಮತ್ತು 13.4. ಸ್ತನಗಳು ಊದಿಕೊಂಡವರು: ಶೇಕಡ 69.7 ಮತ್ತು 10.9.

ಶಿಕ್ಷಕರೇ, ಈ ಅಂಕಿಗಳನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯಿರಿ. 76.3ರಿಂದ 71.3 ಕಳೆದರೆ 5. ಅಂದರೆ ನೂರು ಜನರಿಗೆ ಗುಳಿಗೆ ಕೊಟ್ಟರೆ 12 ವರ್ಷಗಳ ಕೊನೆಯಲ್ಲಿ 5 ಮಂದಿ ಹೆಚ್ಚು ಬದುಕಿರುತ್ತಾರೆ. 20 ಜನರಿಗೆ ಕೊಟ್ಟರೆ ಒಬ್ಬರು. ಅದೇ 20 ಜನರಲ್ಲಿ ಸುಮಾರು 14 ಮಂದಿಗೆ ಸ್ತನ ಊತ. ಕ್ಯಾನ್ಸರ್ ಸಾವು ಅರ್ಧಕ್ಕಿಂತ ಕಡಿಮೆಯಾಯಿತು ಎಂದು ಹೇಳಿದರೂ ಸುಳ್ಳಲ್ಲ, ಇಪ್ಪತ್ತರಲ್ಲಿ ಒಬ್ಬರಿಗೆ ಪ್ರಯೋಜನ ಎಂದರೂ ಸುಳ್ಳಲ್ಲ. ಎರಡೂ ಒಂದೇ ಪರೀಕ್ಷೆಯಿಂದ ಬಂದವು. ಯಾವುದನ್ನು ಕೇಳಿಸಿಕೊಂಡರೆ ನಿಮ್ಮ ತೀರ್ಮಾನ ಹೇಗೆ ಬದಲಾಗುತ್ತದೆ ಎಂದು ವಿದ್ಯಾರ್ಥಿಗಳನ್ನು ಕೇಳಿ ನೋಡಿ.

ಹಳೆಯ ಪಾಠ ಮತ್ತೊಮ್ಮೆ

ಹಾಗಾದರೆ ಆ ಒಬ್ಬರು ಯಾರು? 2020ರಲ್ಲಿ ಇದೇ 760 ಜನರ ದಾಖಲೆಯನ್ನು ಪಿಎಸ್‌ಎ ಮಟ್ಟಕ್ಕೆ ಅನುಗುಣವಾಗಿ ವಿಂಗಡಿಸಿ ನೋಡಲಾಯಿತು. ಚಿಕಿತ್ಸೆಗೆ ಮೊದಲು ಪಿಎಸ್‌ಎ 1.5ಕ್ಕಿಂತ ಹೆಚ್ಚಿದ್ದವರಿಗೆ ಗುಳಿಗೆಯಿಂದ ಆಯುಸ್ಸು ಸ್ಪಷ್ಟವಾಗಿ ಹೆಚ್ಚಿತ್ತು. ಅದಕ್ಕಿಂತ ಕಡಿಮೆಯಿದ್ದವರಲ್ಲಿ ಅಂಥ ಲಾಭ ಕಾಣಲಿಲ್ಲ. 0.6 ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ಕ್ಯಾನ್ಸರೇತರ ಕಾರಣಗಳಿಂದಾದ ಸಾವುಗಳು ಹೆಚ್ಚಿದ್ದವು. ಹೃದಯ ಮತ್ತು ನರಮಂಡಲದ ತೀವ್ರ ತೊಂದರೆಗಳೂ ಹೆಚ್ಚು ಕಂಡವು. 1967ರ ಪಾಠ ನೆನಪಾಯಿತೆ? ಮದ್ದು ಬೇರೆ, ಪ್ರಮಾಣ ಬೇರೆ, ಕಾಲ ಬೇರೆ. ತಕ್ಕಡಿ ಮಾತ್ರ ಅದೇ. ಆದರೆ ಎಚ್ಚರ: ಪರೀಕ್ಷೆ ಮುಗಿದ ಮೇಲೆ ಗುಂಪು ವಿಂಗಡಿಸಿ ಪಡೆದ ಫಲಿತಾಂಶ ಮೂಲ ಫಲಿತಾಂಶದಷ್ಟು ಗಟ್ಟಿಯಲ್ಲ. ಅದು ಹೊಸ ಪರೀಕ್ಷೆಗೆ ದಾರಿ ತೋರುವ ಸುಳಿವು.

ಹೊಸ ಪರೀಕ್ಷೆಗಳೂ ಬಂದಿವೆ. ಶಸ್ತ್ರಕ್ರಿಯೆಯಾದ ಕೂಡಲೇ ಎಲ್ಲರಿಗೂ ವಿಕಿರಣ ಕೊಡುವುದಕ್ಕಿಂತ, ಪಿಎಸ್‌ಎ ಗಮನಿಸುತ್ತಿದ್ದು ಏರಲು ತೊಡಗಿದವರಿಗೆ ಬೇಗ ಕೊಡುವುದು ಸಾಮಾನ್ಯವಾಗಿ ಸಾಕು ಎಂದು 2020ರಲ್ಲಿ ಮೂರು ಪರೀಕ್ಷೆಗಳು ಸೂಚಿಸಿದವು. 2024ರಲ್ಲಿ ಪ್ರಕಟವಾದ ರ‍್ಯಾಡಿಕಲ್ಸ್ ಪರೀಕ್ಷೆ ಅವಧಿಯ ಪ್ರಶ್ನೆಯನ್ನು ಎತ್ತಿಕೊಂಡಿತು. ಶಸ್ತ್ರಕ್ರಿಯೆಯ ನಂತರದ ವಿಕಿರಣದ ಜೊತೆಗೆ 6 ತಿಂಗಳ ಹಾರ್ಮೋನು ಚಿಕಿತ್ಸೆ ಪಡೆದವರಲ್ಲಿ, ರೋಗ ಹರಡದೆ 10 ವರ್ಷ ಬದುಕಿದವರು ಶೇಕಡ 80.4, ಪಡೆಯದವರಲ್ಲಿ 79.2. ಇದನ್ನು ವ್ಯತ್ಯಾಸ ಎನ್ನಲಾಗದು. ಇನ್ನೊಂದು ಹೋಲಿಕೆಯಲ್ಲಿ 24 ತಿಂಗಳು ಪಡೆದವರಲ್ಲಿ ಶೇಕಡ 78.1, 6 ತಿಂಗಳು ಪಡೆದವರಲ್ಲಿ 71.9. ಇಲ್ಲಿ ದೀರ್ಘ ಚಿಕಿತ್ಸೆ ಮೇಲೆನಿಸಿತು. ಎರಡು ಹೋಲಿಕೆಗಳಲ್ಲಿ ಇದ್ದವರು ಒಂದೇ ಬಗೆಯ ರೋಗಿಗಳಲ್ಲ ಎಂಬುದನ್ನು ಮರೆಯಬಾರದು.

ಮತ್ತೊಂದು ಬದಲಾವಣೆ ಚಿತ್ರಣದಲ್ಲಿ ಆಗಿದೆ. ಗ್ರಂಥಿ ತೆಗೆದ ಜಾಗಕ್ಕೆ ವಿಕಿರಣ ಕೊಡುವುದೆಂದರೆ ಬಹುಕಾಲ ಕತ್ತಲಲ್ಲಿ ಗುರಿಯಿಟ್ಟಂತೆಯೇ ಇತ್ತು. ಪ್ರೋಸ್ಟೇಟ್ ಕೋಶಗಳ ಮೇಲ್ಮೈಯ ಒಂದು ಪ್ರೋಟೀನಿಗೆ ಅಂಟುವ ವಿಕಿರಣಶೀಲ ಅಣುವನ್ನು ಬಳಸುವ ಪೆಟ್ ಸ್ಕ್ಯಾನಿಗೆ ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ದೊರೆತ ಮೇಲೆ, ಉಳಿದ ರೋಗ ಎಲ್ಲಿದೆ ಎಂದು ಹಲವರಲ್ಲಿ ಬೇಗನೆ ತಿಳಿಯುವಂತಾಗಿದೆ.

ಮೊದಲಿಗೆ ಕಲ್ಪಿಸಿಕೊಂಡ ರೋಗಿಯ ಬಳಿಗೆ ಮರಳೋಣ. ಅವರ ಅಂಕಿ 0.4. ಬೇಗನೆ ವಿಕಿರಣ ಕೊಟ್ಟರೆ ಫಲ ಹೆಚ್ಚು ಎಂಬುದರಲ್ಲಿ ಇಂದು ಸಾಕಷ್ಟು ಒಮ್ಮತವಿದೆ. ಹಾರ್ಮೋನು ಚಿಕಿತ್ಸೆ ಸೇರಿಸಬೇಕೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಗ್ಲೀಸನ್ ಅಂಕ ಎಷ್ಟು, ಪಿಎಸ್‌ಎ ಎಷ್ಟು ತಿಂಗಳಲ್ಲಿ ಇಮ್ಮಡಿಯಾಗುತ್ತಿದೆ, ಹೃದಯ ಹೇಗಿದೆ, ಸಕ್ಕರೆ ಕಾಯಿಲೆ ಇದೆಯೆ, ಮೂಳೆ ಗಟ್ಟಿಯಿದೆಯೆ ಎಂಬುದನ್ನೆಲ್ಲ ವೈದ್ಯರು ನೋಡುತ್ತಾರೆ. ಬಿಸಿಯೇರಿ ಬೆವರುವುದು, ಲೈಂಗಿಕ ಆಸಕ್ತಿ ಕುಂದುವುದು, ಆಯಾಸ ಇವನ್ನು ಸಹಿಸಲು ಸಿದ್ಧರಿದ್ದೀರಾ ಎಂದು ರೋಗಿಯನ್ನೂ ಕೇಳಬೇಕಾಗುತ್ತದೆ. ಈ ಲೇಖನ ಯಾರಿಗೂ ಚಿಕಿತ್ಸೆ ಸೂಚಿಸುವುದಿಲ್ಲ. ಅದು ಪರಿಣತ ವೈದ್ಯರ ಮತ್ತು ರೋಗಿಯ ನಡುವಿನ ಮಾತು.

ಆ ಮಾತು ಅರ್ಥಪೂರ್ಣವಾಗಿ ನಡೆಯುವುದು ಸಾಧ್ಯವಾಗಿರುವುದು, ಹುಸಿ ಗುಳಿಗೆ ನುಂಗಲು ಒಪ್ಪಿ, ವರ್ಷಗಟ್ಟಲೆ ರಕ್ತ ಕೊಟ್ಟು, ತಮ್ಮ ಸಾವಿನ ಕಾರಣವನ್ನೂ ದಾಖಲೆಗೆ ಬಿಟ್ಟುಹೋದ ಸಾವಿರಾರು ಸಾಮಾನ್ಯ ಜನರಿಂದ. ಹಗಿನ್ಸ್, ಷಾಲಿ ಅವರ ಹೆಸರುಗಳು ಪಠ್ಯಪುಸ್ತಕದಲ್ಲಿವೆ. ಈ ಜನರ ಹೆಸರು ಎಲ್ಲಿಯೂ ಇಲ್ಲ. ಮುಂದಿನ ಸಲ ಯಾರಾದರೂ ಒಂದು ಮದ್ದನ್ನು ಹೊಗಳಿ, ಗಂತಿ ಕುಗ್ಗಿತು ಎಂದು ಹೇಳಿದರೆ ನೀವು ಕೇಳಬೇಕಾದ ಪ್ರಶ್ನೆಯನ್ನು ಅವರು ನಮಗೆ ಕಲಿಸಿಹೋಗಿದ್ದಾರೆ: ಎಲ್ಲ ಸಾವುಗಳನ್ನೂ ಎಣಿಸಿದ್ದೀರಾ?